ಫರಸಿ ಹೊದಿಸಿದ ಮಾಂಡವ

ಇವತ್ತು ಬೆಳಿಗ್ಗೆ ಮತ್ತೆ ಎಡವಿದೆ. ಅದೇ ಕಲ್ಲು, ಅದೇ ಬಲಗಾಲಿನ ಹೆಬ್ಬೆರಳು. ಹಿತ್ತಲಿನಲ್ಲಿ ತಂಬಿಗೆ ಹಿಡಿದು ಒಂಟಿಕಾಲಿನಲ್ಲಿ ಕುಣಿಯುತ್ತಿದ್ದರೆ ಒಳಗಿನಿಂದ ನನ್ನ ಹೆಂಡತಿ ಶಾಂತಾ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ, "ಕಲ್ಲು ಎದ್ದು ಬಂದು ನಿಮ್ಮ ಕಾಲಿಗಿ ಬಡೀತೇನ್ರಿ? ಇಪ್ಪತ್ತು ವರ್ಷದಿಂದ ಅಲ್ಲೇ ಅದ," ಎಂದಳು. ಈ ಇಪ್ಪತ್ತು ವರ್ಷಗಳಲ್ಲಿ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕವಾಯಿತು, ವಾಡಿ ಸ್ಟೇಶನ್ನಿನಲ್ಲಿ ಕಲ್ಲಿದ್ದಲಿನ ಇಂಜಿನ್ ಹೋಗಿ ಡೀಸೆಲ್ ಬಂತು, ನನ್ನ ತಲೆಯ ಕೂದಲು ಹೋಗಿ ಏನೂ ಬರಲಿಲ್ಲ. ಈ ಕಲ್ಲು ಮಾತ್ರ ಒಂದು ಬೆರಳಿನಷ್ಟೂ ಸರಿದಿಲ್ಲ.

ನೀವು ನಮ್ಮ ಕಡೆ ಬಂದಿದ್ದರೆ ಫರಸಿಕಲ್ಲು ಗೊತ್ತಿರುತ್ತದೆ. ಬಂದಿಲ್ಲವಾದರೂ ಯಾವುದೋ ಊರಿನ ಸ್ಟೇಶನ್ನಿನಲ್ಲೋ ಆಸ್ಪತ್ರೆಯಲ್ಲೋ ಅದರ ಮೇಲೆ ನಡೆದಿರುತ್ತೀರಿ. ಶಹಾಬಾದಿನ ಖಣಿಗಳಲ್ಲಿ ಪದರು ಪದರಾಗಿ ಏಳುವ ಚಪ್ಪಟೆ ಕಲ್ಲು. ಇಲ್ಲಿ ನೆಲಕ್ಕೂ ಅದೇ, ಗೋಡೆಗೂ ಅದೇ, ಮಾಳಿಗೆಗೂ ಅದೇ. ನೀರಿನ ಕೊಡ ಇಡುವುದು ಅದರ ಮೇಲೆ, ಬಟ್ಟೆ ಒಗೆಯುವುದು ಅದರ ಮೇಲೆ, ಹೊಲಕ್ಕೆ ಬೇಲಿ ಹಾಕುವುದೂ ಅದನ್ನೇ ನಿಲ್ಲಿಸಿ. ನನ್ನ ಮಾವ ಮಲಕಪ್ಪನವರು ಶಹಾಬಾದಿನ ಒಂದು ಖಣಿಯಲ್ಲಿ ಮುಕದ್ದಮರಾಗಿದ್ದರು, ಅಂದರೆ ಆಳುಗಳ ಮೇಲಿನ ಮೇಸ್ತ್ರಿ. ಜಗತ್ತಿನ ಯಾವ ತೊಂದರೆಯನ್ನು ಅವರ ಮುಂದೆ ಹೇಳಿದರೂ ಅವರ ಹತ್ತಿರ ಇದ್ದದ್ದು ಒಂದೇ ಔಷಧ: "ಎರಡು ಫರಸಿ ಹಾಕಿಬಿಡ್ರಿ." ಮನೆಗೆ ಇಲಿ ಬಂದರೂ ಅಷ್ಟೇ, ನೆಂಟರು ಹೆಚ್ಚಾದರೂ ಅಷ್ಟೇ. ನಮ್ಮ ವಾಡಿಯ ಈ ಮನೆಯೂ ಅವರೇ ಮಗಳಿಗೆಂದು ಕಟ್ಟಿಸಿಕೊಟ್ಟದ್ದು. ಬೇಸಿಗೆಯಲ್ಲಿ ಇದರೊಳಗೆ ಮಲಗಿದವನಿಗೆ ಹಂಚಿನ ಮೇಲಿನ ರೊಟ್ಟಿಯ ಕಷ್ಟ ಅರ್ಥವಾಗುತ್ತದೆ.

ಇನ್ನು ನನ್ನ ಹೆಬ್ಬೆರಳಿನ ಈ ಶತ್ರು ಹಿತ್ತಲಿಗೆ ಬಂದದ್ದು ಯೆಹೂದ್ಯರ ಸುಗ್ಗಿಯ ಹಬ್ಬವೊಂದರ ದೆಸೆಯಿಂದ ಎಂದರೆ ನೀವು ನಗುತ್ತೀರಿ. ನಗಿರಿ. ಎಡವುವವನು ನಾನು.

ಆಗ ನಾನು ವಾಡಿಯ ಶಾಲೆಯಲ್ಲಿ ಇತಿಹಾಸದ ಮಾಸ್ತರ. ಮದುವೆಯಾಗಿ ಎರಡು ವರ್ಷ. ನಮ್ಮ ಹಿತ್ತಲಿನ ಗೋಡೆಯಾಚೆ ರೈಲ್ವೆ ಕ್ವಾರ್ಟರ್ಸು. ಅದರ ಮೊದಲ ಮನೆಯಲ್ಲಿ ಮೋಸೆಸ್ ಎಂಬ ಗಾರ್ಡ್ ಸಾಹೇಬರು, ಜೊತೆಗೆ ಅವರ ತಾಯಿ. ಮಗ ಕರೆದಂತೆ ನಾವೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದೆವು. ಕೊಂಕಣದ ಕಡೆಯ ಯೆಹೂದ್ಯರು, ಮನೆಮಾತು ಮರಾಠಿ. ಎಷ್ಟೋ ಕಾಲದ ಹಿಂದೆ ಹಡಗು ಒಡೆದು ದಂಡೆಗೆ ಬಂದು ಬಿದ್ದವರು, ಗಾಣ ಹಾಕಿಕೊಂಡು ಬದುಕಿದವರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಊರವರು ಶನಿವಾರದ ತೇಲಿಗಳು, ಅಂದರೆ ಶನಿವಾರದ ಗಾಣಿಗರು, ಎನ್ನುತ್ತಿದ್ದರು ಎಂದು ಸಾಹೇಬರು ಹೇಳುತ್ತಿದ್ದರು. ವಾಡಿಯವರಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಮುಸಲ್ಮಾನರು ಅವರನ್ನು ಕಿರಿಸ್ತಾನರೆಂದೂ, ಕಿರಿಸ್ತಾನರು ಮುಸಲ್ಮಾನರೆಂದೂ, ನಮ್ಮವರು ಮರಾಠರೆಂದೂ ತಿಳಿದಿದ್ದರು. ಯಾರೂ ಹೋಗಿ ಕೇಳಲಿಲ್ಲ. ಕೇಳಿದವನು ನಾನೊಬ್ಬನೇ, ಅದೂ ಬೇಕಾದ್ದಕ್ಕಿಂತ ಹೆಚ್ಚು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಶಾಂತಾ ಒಲೆಯ ಮುಂದಿದ್ದಾಳೆ, ಕೇಳಿಸುವುದಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ನಮ್ಮ ಶಾಲೆಯ ಕಪಾಟಿನಲ್ಲಿ ಗೆದ್ದಲು ತಿಂದು ಬಿಟ್ಟ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದಿತ್ತು. ಅದರಲ್ಲಿ ಈ ಜನರ ಮಾಂಡವದ ಹಬ್ಬದ ಚರಿತ್ರೆ ಸಿಕ್ಕಿತು. ಮಾಂಡವ ಎಂದರೆ ಹಂದರ; ಹಬ್ಬಕ್ಕೆ ಆಯಿ ಬಳಸುತ್ತಿದ್ದ ಮಾತು ಅದು. ಮೊದಲಿಗೆ ಇದು ಬರೀ ಒಕ್ಕಲಿಗರ ಹಬ್ಬ. ದ್ರಾಕ್ಷಿ, ಅಂಜೂರ, ಆಲಿವ್ ಕೊಯ್ಯುವ ಕಾಲಕ್ಕೆ ಮಂದಿ ಊರು ಬಿಟ್ಟು ತೋಟದಲ್ಲೇ ಸೊಪ್ಪಿನ ಗುಡಿಸಲು ಹಾಕಿಕೊಂಡು ಇರುತ್ತಿದ್ದರು, ಕಾಯುತ್ತಿದ್ದರು, ಕುಣಿಯುತ್ತಿದ್ದರು. ಆಮೇಲೆ ಅದಕ್ಕೆ ಇನ್ನೊಂದು ನೆನಪು ಕೂಡಿಕೊಂಡಿತು: ಐಗುಪ್ತದ, ಅಂದರೆ ಈಜಿಪ್ಟಿನ, ಜೀತದಿಂದ ಬಿಡಿಸಿಕೊಂಡು ಬಂದ ಹಿರಿಯರು ನಲವತ್ತು ವರ್ಷ ಮರುಭೂಮಿಯಲ್ಲಿ ಜೋಪಡಿಯಲ್ಲಿ ಕಳೆದರು ಎಂಬುದು. ಯೆರೂಸಲೇಮಿನಲ್ಲಿ ಗುಡಿ ಎದ್ದ ಮೇಲೆ ಹಬ್ಬವೂ ದೊಡ್ಡದಾಯಿತು. ದೇಶದ ಮಂದಿಯೆಲ್ಲ ಖರ್ಜೂರದ ಗರಿ, ಮಾದಲ ಹಣ್ಣು ಹಿಡಿದು ಅಲ್ಲಿಗೆ ನಡೆದು ಹೋಗುವರು; ಪೂಜಾರಿಗಳು ಪೀಠದ ಮೇಲೆ ನೀರು ಸುರಿದು ಮಳೆ ಬೇಡುವರು. ಬಾಬಿಲೋನಿನ ಸೆರೆಯಿಂದ ಮರಳಿದವರು ಈ ಹಬ್ಬ ಮರೆತೇ ಹೋಗಿದೆಯಲ್ಲ ಎಂದು ಗುಡ್ಡಕ್ಕೆ ಓಡಿ ಸೊಪ್ಪು ತಂದು ಮಾಳಿಗೆಯ ಮೇಲೆಲ್ಲ ಹಂದರ ಹಾಕಿದರಂತೆ. ಗುಡಿ ಬಿತ್ತು, ರಾಜ್ಯ ಹೋಯಿತು, ಮಂದಿ ದೇಶದೇಶಕ್ಕೆ ಚದುರಿದರು. ಹಂದರ ಉಳಿಯಿತು.

ಎಷ್ಟು ಚೆಂದದ ಚರಿತ್ರೆ ನೋಡಿ. ಇದನ್ನು ನಾನು ಆರನೆಯ ಇಯತ್ತೆಯ ಮಕ್ಕಳಿಗೆ ಹೇಳಿದೆ, ಚಹಾದ ಅಂಗಡಿಯಲ್ಲಿ ಹೇಳಿದೆ, ಚಿತ್ತಾಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತನಿಗೂ ಹೇಳಿದೆ. ಅವನು ನಡುವೆಯೇ ಇಳಿದುಹೋದ. ಅವನ ಊರು ಅದಾಗಿರಲಿಲ್ಲ ಎಂದು ಕಂಡಕ್ಟರ್ ಆಮೇಲೆ ಹೇಳಿದ.

ಆ ವರ್ಷ ಅವರ ಹಬ್ಬ ಸರಿಯಾಗಿ ನಮ್ಮ ಶೀಗಿ ಹುಣ್ಣಿಮೆಯ ಸಂಜೆಗೆ ಬಿದ್ದಿತ್ತು. ಅದಕ್ಕೆ ಐದು ದಿನ ಮೊದಲು ಅವರಿಗೆ ಬಾಗಿಲು ಮುಚ್ಚುವ ಹಬ್ಬ. ಮನೆಯ ಬಾಗಿಲು ಹಾಕಿಕೊಂಡು ಇಡೀ ದಿನ ಉಪವಾಸ. ಅದು ಮುಗಿದು ಎರಡನೆಯ ದಿನ ಗಾರ್ಡ್ ಸಾಹೇಬರು ಗೋಡೆಯ ಮೇಲಿಂದ ಇಣುಕಿ ನನ್ನನ್ನು ಕರೆದರು.

"ಮಾಸ್ತರ್ ಸಾಬ್, ಹುಣ್ಣಿಮಿ ದಿನ ನನಗ ಸೊಲ್ಲಾಪುರ ಡ್ಯೂಟಿ ಬಿದ್ದದ. ನೀವೇ ನೋಡ್ಕೋಬೇಕು. ಆಯಿ ಉಪಾಸ ಮಾಡಿ ಮರುದಿನ ಚಕ್ಕರ್ ಬಂದು ಬಿದ್ಳು. ಡಾಕ್ಟರ್ ಭಾಳ ಸಿಟ್ಟಾಗ್ಯಾರ. ಇನ್ನೊಂದ್ ಹೊತ್ತು ಉಪಾಸ ಇದ್ರ ಈ ಜೀವ ತಡಿಯಂಗಿಲ್ಲ ಅಂದಾರ. ಈಗ ನೋಡಿದ್ರ, ಹಬ್ಬದ ಊಟ ಮಾಂಡವದಾಗೇ ಮಾಡ್ತೀನಿ, ಮಾಂಡವ ಇಲ್ಲಂದ್ರ ಊಟಾನೂ ಇಲ್ಲ ಅಂತ ಹಟಾ ಹಿಡದಾಳ."

"ಅಷ್ಟೇ ಹೌದಲ್ರಿ? ನಾ ಕಟ್ಟಸ್ತೀನಿ ಬಿಡ್ರಿ," ಎಂದೆ.

"ಗ್ವಾಡಿ ಯಾವುದರದಾದ್ರೂ ನಡೀತದ. ಮ್ಯಾಲ ಮಾತ್ರ ಬೆಳದು ಕೊಯ್ದದ್ದೇ ಇರಬೇಕು. ದಂಟು, ಸೊಪ್ಪು, ಏನರೆ ಇರಲಿ. ಸಂದ್ಯಾಗಿಂದ ಆಸ್ಮಾನ ಕಾಣಬೇಕು. ಇದೊಂದು ಮರೀಬ್ಯಾಡ್ರಿ."

ನಾನು ಮರೆಯುವುದೇ? ಮೂರು ಸಾವಿರ ವರ್ಷ ನಾಲಿಗೆಯ ತುದಿಯಲ್ಲಿದೆ. ಕ್ವಾರ್ಟರ್ಸಿನ ಹಿಂದೆ ಹಂದಿ ನಾಯಿಗಳ ಕಾಟ. ಗೋಡೆ ಗಟ್ಟಿ ಇರಲಿ ಎಂದು ಮಾವನಿಗೆ ಕಾಗದ ಬರೆದೆ. ಮಾವ ಕಲ್ಲು ಕಳಿಸಿ ಸುಮ್ಮನಿರುವ ಮನುಷ್ಯರಲ್ಲ. ಹುಣ್ಣಿಮೆಯ ಹಿಂದಿನ ದಿನ ಲಾರಿಯಲ್ಲಿ ಫರಸಿ, ಇಬ್ಬರು ಆಳು, ಕೊನೆಗೆ ತಾವೂ ಇಳಿದರು. ಸಂಜೆಯೊಳಗೆ ಆಯಿಯ ಹಿತ್ತಲಿನಲ್ಲಿ ಮೂರು ಕಡೆ ಕಲ್ಲಿನ ಗೋಡೆ ನಿಂತಿತು. ಉಂಡ ಮೇಲೆ ಮಾವ ಎಲೆ ಅಡಿಕೆ ಹಾಕಿಕೊಂಡು, "ಏನ ಹಬ್ಬರಿ ಇದು ಮಾಸ್ತರ್ರೆ?" ಎಂದು ಕೇಳಿದರು. ಕೇಳಬಾರದಿತ್ತು.

ನಾನು ಐಗುಪ್ತದಿಂದ ಹಿಡಿದೆ.

"ಪಾಪ," ಎಂದರು ಮಾವ ಜೀತದ ಮಾತಿಗೆ. ಮರುಭೂಮಿಗೆ ಬಂದಾಗ ತಾಂಬೂಲ ಅಗಿಯುವುದನ್ನೇ ನಿಲ್ಲಿಸಿದರು. "ನಲವತ್ತು ವರ್ಷ ಜೋಪಡ್ಯಾಗೇ ಇದ್ರು?"

"ನಲವತ್ತು ವರ್ಷ."

"ಬಿಸಿಲು ಗಾಳ್ಯಾಗ, ಸಣ್ಣ ಹುಡುಗರನ್ನ ಕಟಗೊಂಡು?"

"ಹೌದ್ರಿ ಮಾವಾರ."

"ಛೇ ಛೇ. ಆ ಕಡಿ ಫರಸಿ ಇರ್ಲಿಲ್ಲೇನ್ರಿ?"

ನಾನು ಆ ಪ್ರಶ್ನೆಯನ್ನು ಅಲಕ್ಷಿಸಿ ಯೆರೂಸಲೇಮಿಗೆ ನಡೆದೆ. ಗುಡಿಯ ದೀಪಗಳ ವರ್ಣನೆ ಮುಗಿಸಿ ನೋಡಿದರೆ ಮಾವ ಗೊರಕೆ ಹೊಡೆಯುತ್ತಿದ್ದಾರೆ. ಬಾಬಿಲೋನು ಉಳಿಯಿತು, ಮೇಲಿನ ಸೊಪ್ಪಿನ ಮಾತೂ ಉಳಿಯಿತು. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಶಾಲೆಗೆ ತಡವಾಗಿತ್ತು, ಓಡಿದೆ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂದು ಮಕ್ಕಳಿಗೆ ಗಾದೆ ಬರೆಸುವವನು ನಾನೇ.

ಸಂಜೆ ಐದಕ್ಕೆ ಬಂದು ಗೋಡೆಯಾಚೆ ಇಣುಕಿದೆ. ಮೂರು ಗೋಡೆಯ ಮೇಲೆ ಅಚ್ಚುಕಟ್ಟಾಗಿ ಎಂಟು ಫರಸಿ ಹೊದಿಸಿ, ಸಂದಿಗೆಲ್ಲ ಗಚ್ಚು ಮೆತ್ತಿ, ಮೇಲೆ ನೀರು ಹರಿದುಹೋಗಲು ಇಳಿಜಾರು ಬೇರೆ ಕೊಟ್ಟಿದ್ದಾರೆ. ಆಕಾಶ ಹಾಗಿರಲಿ, ಒಂದು ಇರುವೆ ಒಳಗೆ ಇಣುಕುವಷ್ಟು ಸಂದಿಯಿಲ್ಲ. ಮಾವ ಕೈ ತೊಳೆದುಕೊಳ್ಳುತ್ತಾ ತೃಪ್ತಿಯಿಂದ ನೋಡುತ್ತಿದ್ದರು.

"ನಲವತ್ತು ವರ್ಷ ಜೋಪಡ್ಯಾಗ ತ್ರಾಸ ತಗೊಂಡ ಮಂದಿ ಮಾಸ್ತರ್ರೆ. ನನಗ ರಾತ್ರಿಯೆಲ್ಲಾ ಅದೇ ತಲ್ಯಾಗ. ಇನ್ನ ಚಿಂತಿ ಇಲ್ಲ. ನೂರು ವರ್ಷ ಒಂದ್ ಹನಿ ಸೋರಂಗಿಲ್ಲ."

ಯಾರ ಮೇಲೆ ಸಿಟ್ಟು ಮಾಡುವುದು? ಮನುಷ್ಯ ಮರುಭೂಮಿಯ ಮಕ್ಕಳಿಗಾಗಿ ನಿದ್ದೆ ಕೆಡಿಸಿಕೊಂಡಿದ್ದಾರೆ. ಆದರೂ ಸಿಟ್ಟು ಬಂತು. "ಮಾವಾರ, ಇದನ್ನ ತೆಗೀಬೇಕು. ಮ್ಯಾಲ ದಂಟೇ ಇರಬೇಕು," ಎಂದೆ.

"ದಂಟು? ಸೋರತದಲ್ರಿ."

"ಸೋರಬೇಕು."

ಮಾವ ಶಾಂತಾಳ ಕಡೆ ನೋಡಿದರು. ಅಳಿಯನ ತಲೆ ಸರಿ ಇದೆಯೋ ಇಲ್ಲವೋ ಎಂದು ಮಗಳನ್ನು ಕೇಳುವ ನೋಟ ಅದು. ಅವಳು ಭುಜ ಕುಣಿಸಿದಳು. ನಾನು ಮತ್ತೆ ಬಾಬಿಲೋನಿನಿಂದ ಶುರುಮಾಡಿದೆ. ಗುಡ್ಡದ ಸೊಪ್ಪು, ಮಾಳಿಗೆಯ ಹಂದರ, ಪುರಾತನ ಆಧಾರ, ಎಲ್ಲ ಹೇಳಿದೆ. ಮಾವನ ಮುಖ ಕಲ್ಲಾಯಿತು.

"ನಾ ಹೊದಿಸಿದ್ದನ್ನ ನಾ ಇಲ್ಲೀತನಾ ತೆಗದಿಲ್ರಿ. ನಮ್ಮಪ್ಪನೂ ತೆಗದಿಲ್ಲ. ಹೊದಿಸಿದ ಕೈ ತೆಗೀಬಾರದು ಅಂತ ಅದ ನಮ್ಮ ಕಡಿ. ನೆಳ್ಳು ಕೊಟ್ಟು ಕಸಗೊಂಡಂಗ ಆಗತದ. ಬ್ಯಾರೆ ಏನರೆ ಹೇಳ್ರಿ."

ಆಳುಗಳು ಆಗಲೇ ಶಹಾಬಾದಿನ ಶಟಲ್ ಹಿಡಿದಿದ್ದರು. ಒಂದೊಂದು ಫರಸಿಗೂ ಮೂರು ಜನ ಬೇಕು. ಹೊತ್ತು ಮುಳುಗಲು ಒಂದು ತಾಸು. ಒಳಗೆ ಆಯಿ ಬೆಳಿಗ್ಗೆ ಒಂದು ಲೋಟ ಗಂಜಿ ಕುಡಿದದ್ದು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಶಾಂತಾ ಎರಡು ಸಲ ಹಾಲು ಒಯ್ದು ಎರಡು ಸಲವೂ ತಿರುಗಿ ತಂದಿದ್ದಳು. "ಊರಿಗಿ ಉಪಕಾರಿ, ಮನಿಗಿ ಮಾರಿ," ಎಂದಳು ನನ್ನನ್ನು ನೋಡಿ. "ಆ ಮುದುಕೀಗಿ ಏನರೆ ಆದ್ರ ನಿಮ್ಮ ಪುಸ್ತಕ ಬಂದು ಕಾಯ್ತದೇನು?"

ಅಷ್ಟರಲ್ಲಿ ಆಯಿಯೇ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದರು. ಕಡ್ಡಿಯಂಥ ದೇಹ, ನೀಲಿ ಒಂಬತ್ತು ಗಜದ ಸೀರೆ. ನಾಲ್ಕು ಹೆಜ್ಜೆಗೆ ಎರಡು ಸಲ ನಿಂತರು. ಮಾಂಡವವನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಭಾಳ ಛಲೋ ಕಟ್ಟೀಯಪ್ಪಾ," ಎಂದರು ಮಾವನಿಗೆ, ವಾಡಿಯ ಸಂತೆಯಲ್ಲಿ ಕಲಿತ ಕನ್ನಡದಲ್ಲಿ. "ಒಂದು ಮಾತು ಕೇಳಲಿ? ಹ್ವಾದ ವರ್ಷ ಎಳ್ಳಮಾಸಿಗೆ ಶಾಂತಾ ನನಗ ನಿಮ್ಮ ಹೊಲಕ್ಕ ಕರಕೊಂಡು ಹೋಗಿದ್ಳು. ಅಲ್ಲಿ ನೀ ದಂಟಿನ ಕೊಂಪಿ ಹಾಕಿದ್ದಿ. ಅದಕ್ಕ್ಯಾಕ ಫರಸಿ ಹೊದಿಸಿರ್ಲಿಲ್ಲ?"

ಮಾವ ನಕ್ಕರು. "ಕೊಂಪಿಗಿ ಯಾರರೆ ಫರಸಿ ಹಾಕ್ತಾರೇನ್ ಬಾಯಿ? ಅದು ಹಬ್ಬದ್ದು. ಉಂಡು ಎದ್ದು ಬರೂದು. ನಮ್ಮ ಬೆಳಿ, ಅದರಾಗ ನಾವು ಕುಂದ್ರಬೇಕು."

"ಇದೂ ಹಂಗೇ ಅದ."

ಮಾವ ನನ್ನ ಕಡೆ ತಿರುಗಿ, "ಕೊಂಪಿ ಅಂತ ಒಂದ್ ಮಾತು ಹೇಳಬಾರದೇನ್ರಿ ಮಾಸ್ತರ್ರೆ? ಎರಡು ದಿನದಿಂದ ಐಗುಪ್ತ ಐಗುಪ್ತ ಅಂತೀರಿ," ಎಂದರು.

ಹೇಳಿ, ಇಂಥ ಸಮಯದಲ್ಲಿ ಮನುಷ್ಯ ಎಲ್ಲಿ ಹೋಗಿ ಮುಖ ಮುಚ್ಚಿಕೊಳ್ಳಬೇಕು? ನಾನೇನು ಪೇಟೆಯಲ್ಲಿ ಹುಟ್ಟಿದವನೇ? ತೆಂಗಳಿ ಎಂಬ ಹಳ್ಳಿಯವನು. ಎಳ್ಳ ಅಮಾವಾಸ್ಯೆಗೆ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ನಿಂತ ಜೋಳದ ದಂಟನ್ನು ತುದಿ ಕೂಡಿಸಿ ಕಟ್ಟಿದ ಕೊಂಪಿಯೊಳಗೆ ತೂರಿಕೊಂಡು ಬೆಳೆದವನು. ಒಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರು ಎಂದು ಕೂರಿಸುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಯಾವ ಕಲ್ಲು ಭೀಮ ಎಂಬುದೇ ದೊಡ್ಡ ಚಿಂತೆ. ನಮ್ಮಪ್ಪ ಹೊಲದ ನಾಲ್ಕೂ ಕಡೆ ಭೂಮಿತಾಯಿಯ ಎಡೆಯಾದ ಚರಗ ಚೆಲ್ಲಿ ಬರುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತಾರು ಕಾಯಿಪಲ್ಯ ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ. ದಂಟಿನ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಊಟದ ಮೇಲೆ ಬೀಳುತ್ತಿತ್ತು. ಇಷ್ಟನ್ನೂ ಉಂಡು ಬೆಳೆದವನಿಗೆ ಆ ದಪ್ಪ ಪುಸ್ತಕ ಓದುವಾಗ ಇದು ನಮ್ಮ ಹೊಲದ ಕೊಂಪಿ ಎಂದು ಒಂದು ಸಲವೂ ಹೊಳೆಯಲಿಲ್ಲ. ಹೊಳೆದಿದ್ದರೂ ಮಾವನಿಗೆ ಹೇಳುತ್ತಿರಲಿಲ್ಲವೇನೋ. ಇಷ್ಟು ಸಾದಾ ಮಾತು ಹೇಳಿದರೆ ಮಾಸ್ತರಿಕೆಗೆ ಏನು ಬೆಲೆ?

ಮಾವ ಧೋತರ ಮೇಲಕ್ಕೆ ಕಟ್ಟಿದರು. "ಹಿಡೀರಿ," ಎಂದರು ನನಗೆ. ಆ ಕಡೆ ಮಾವ, ಈ ಕಡೆ ನಾನು, ನಡುವೆ ಶಾಂತಾ. ಗಚ್ಚು ಇನ್ನೂ ಹಸಿಯಿದ್ದದ್ದು ಪುಣ್ಯ. ಮೊದಲ ಫರಸಿ ಎತ್ತುವ ಮುಂಚೆ ಮಾವ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅಪ್ಪನ ನೇಮ ಮುರಿಯುತ್ತಿದ್ದೇನೆ, ಸಿಟ್ಟಾಗಬೇಡ ಎಂದು ಕಲ್ಲಿಗೆ ಹೇಳಿದರೋ ಅಪ್ಪನಿಗೆ ಹೇಳಿದರೋ ನನಗೆ ತಿಳಿಯಲಿಲ್ಲ. ಏಳು ಫರಸಿ ಇಳಿಸಿ ಗೋಡೆಗೆ ಒರಗಿಸಿದೆವು. ಅಲ್ಲಿ ಜಾಗ ಸಾಲದೆ ಎಂಟನೆಯದನ್ನು ಗೋಡೆ ದಾಟಿಸಿ ನಮ್ಮ ಹಿತ್ತಲಿಗೆ ಇಳಿಸುವಾಗ ನನ್ನ ಕೈ ಜಾರಿತು. ಬಿದ್ದಲ್ಲಿ ಅರ್ಧ ಹೂತು ಕುಳಿತದ್ದು ಇವತ್ತಿನವರೆಗೂ ಅಲ್ಲೇ ಕುಳಿತಿದೆ. ಆಗ ಹೆಬ್ಬೆರಳಿಗೆ ಬಿತ್ತು. ಈಗ ಹೆಬ್ಬೆರಳು ತಾನೇ ಹೋಗಿ ಅದಕ್ಕೆ ಬೀಳುತ್ತದೆ.

ಇನ್ನು ದಂಟು. ಹಿಂಗಾರಿ ಜೋಳ ಇನ್ನೂ ಗೇಣುದ್ದ, ಹೋದ ವರ್ಷದ ಒಣದಂಟಿನ ಕಣಿಕೆ ಎಲ್ಲರ ಬಣವಿಯಲ್ಲೂ ಮುಗಿದಿದೆ. ಗಡ್ಡಕ್ಕೆ ಬೆಂಕಿ ಹತ್ತಿದಾಗ ಬಾವಿ ತೋಡುವುದು ಎಂದರೆ ಇದೇ. ಶಾಂತಾ ನಿಟ್ಟುಸಿರು ಬಿಟ್ಟು, ನಮ್ಮ ಎಮ್ಮೆಗೆಂದು ಮುಧೋಳದಿಂದ ತರಿಸಿಟ್ಟಿದ್ದ ಸಜ್ಜೆ ದಂಟಿನ ಹೊರೆಯನ್ನು ಎಳೆದು ತಂದಳು.

"ತಗೋರಿ. ನಾಳಿಗಿ ಎಮ್ಮಿಗಿ ನೀವೇ ಚರಿತ್ರಿ ತಿನಸ್ರಿ," ಎಂದಳು.

ಹೊತ್ತು ಮುಳುಗುವಾಗ ದಂಟು ಹರವಿ ಮುಗಿಯಿತು. ಮೂಡಣದಲ್ಲಿ ಮೋಡದ ನಡುವೆ ಹುಣ್ಣಿಮೆಯ ಚಂದ್ರ ಬಂದ. ದಂಟಿನ ಸಂದಿಯಿಂದ ನೋಡಿದೆ, ಆಕಾಶ ಕಂಡಿತು. ನನಗಂತೂ ಪರೀಕ್ಷೆಯಲ್ಲಿ ಪಾಸಾದಷ್ಟು ಸಮಾಧಾನವಾಯಿತು. ಆಯಿಯನ್ನು ಶಾಂತಾ ಕೈಹಿಡಿದು ತಂದು ಚಾಪೆಯ ಮೇಲೆ ಕೂರಿಸಿದಳು. ಹುಣ್ಣಿಮೆಗೆಂದು ಮಾಡಿದ್ದ ಜೋಳದ ರೊಟ್ಟಿ, ಪುಂಡಿ ಪಲ್ಯ, ಆಯಿ ಹೇಳಿಕೊಟ್ಟಂತೆ ತೆಂಗಿನ ಹಾಲು ಹಾಕಿ ಕುದಿಸಿದ ಖೀರು. ಆಯಿ ದೀಪದ ಮುಂದೆ ರೊಟ್ಟಿ ಹಿಡಿದು ಮರಾಠಿಯಲ್ಲದ ಭಾಷೆಯಲ್ಲಿ ಏನೋ ಹೇಳಿಕೊಂಡರು. ರೊಟ್ಟಿ ಮುರಿದರು.

ಟಪ್ ಎಂದು ತಾಟಿನ ಮೇಲೆ ಹನಿ ಬಿತ್ತು. ಇನ್ನೊಂದು. ಆಮೇಲೆ ಎಣಿಸುವ ಹಾಗೆ ಇರಲಿಲ್ಲ.

ನೋಡಿ ಅನ್ಯಾಯ. ಅವರ ಹಳೆಯ ದೇಶದಲ್ಲಿ ಈ ಹಬ್ಬ ಮುಗಿಯುವ ದಿನ ಮಳೆ ಬಾರಯ್ಯಾ ಎಂದು ಬೇಡಿಕೊಳ್ಳುತ್ತಾರೆ. ನಮ್ಮ ವಾಡಿಯ ಮಳೆಗೆ ಅಷ್ಟು ತಾಳ್ಮೆ ಎಲ್ಲಿದೆ, ಬೇಡುವ ಮುಂಚೆಯೇ ಹಾಜರು. ಚಳಿಮಳೆಯಲ್ಲಿ ಈ ಜೀವ ಕುಳಿತರೆ ಡಾಕ್ಟರಿಗೆ ನಾನೇನು ಹೇಳಲಿ? ಆದರೆ ಈ ಗಂಟಿಗೆ ಉತ್ತರ ನನ್ನ ಹತ್ತಿರವೇ ಇತ್ತು, ಆ ಪುಸ್ತಕದಲ್ಲೇ ಓದಿದ್ದೆ. ಎದ್ದು ನಿಂತು, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ:

"ಆಯಿ, ಒಳಗ ನಡೀರಿ. ಮಳಿ ಬಂದು ಊಟ ಕೆಡೂವಂಗಿದ್ರ ಒಳಗ ಕುಂತು ಉಂಡ್ರೂ ನಡೀತದ. ನಿಮ್ಮ ಹಿರೇರೇ ಹೇಳ್ಯಾರ. ಅದಕ್ಕ ಭಾಳ ಹಳೇ ಆಧಾರ ಅದ."

ಆಯಿ ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ. ಬೇಸರವಿತ್ತು, ಅದೂ ನನ್ನೊಬ್ಬನ ಮೇಲಿನದಲ್ಲ.

"ಗೊತ್ತದ ಮಾಸ್ತರ. ನನ್ನ ಗಂಡನೂ ರೇಲ್ವೇದಾಗೇ ಇದ್ರು. ಮಾಂಡವ ಹಾಕ್ರಿ ಅಂದ್ರ, ಈ ಕ್ವಾರ್ಟರ್ಸಿನ್ಯಾಗ ಜಾಗಾ ಇಲ್ಲ, ಒಳಗ ಉಂಡ್ರೂ ನಡೀತದ ಅಂದ್ರು. ಮುಂದಿನ ವರ್ಷ ವರ್ಗ ಆತು, ಒಳಗ ಉಂಡ್ರೂ ನಡೀತದ. ಮಳಿ ಅದ, ಒಳಗ ಉಂಡ್ರೂ ನಡೀತದ. ಅವರು ಹ್ವಾದ ಮ್ಯಾಲ ಮಗನೂ ಅದೇ ಅಂದ. ಎಲ್ಲಾರೂ ಖರೇನೇ ಹೇಳ್ಯಾರ. ಮೂವತ್ತು ವರ್ಷ ನಾ ಒಳಗೇ ಉಂಡೀನಿ." ತೊಯ್ದ ರೊಟ್ಟಿಯ ಚೂರನ್ನು ಬಾಯಿಗಿಟ್ಟುಕೊಂಡು ತಾಟನ್ನು ನನ್ನ ಕಡೆ ಸರಿಸಿದರು. "ನೀ ಪಲ್ಯ ಹಾಕು."

ನಾನು ಪಲ್ಯ ಹಾಕಿದೆ. ಮಾವ ಬಂದು ಆಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕಲ್ಲು ಎತ್ತಿ ಎತ್ತಿ ಮೊರದಷ್ಟಗಲವಾಗಿದ್ದ ತಮ್ಮ ಎರಡೂ ಅಂಗೈಗಳನ್ನು ಕೂಡಿಸಿ ಅವರ ತಾಟಿನ ಮೇಲೆ ಹಿಡಿದರು. ಆ ಕೈಗಳ ಕೆಳಗಿನಿಂದ ಆಯಿ ಎರಡು ರೊಟ್ಟಿ ತಿಂದರು, ಮೂರನೆಯದನ್ನು ಕೇಳಿದರು.